ಅಮ್ಮನ ಡಬ್ಬಿಯ ತಾಮ್ರದ ಕಾಸು ಗುಜರಿಗೆ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮಾಡಿಕೊಂಡೇ ಕೇಳಿ.

ಪುಟ್ಟು ನಿನ್ನೆ ಗ್ರೂಪಿಗೆ ಹಾಕಿದ ಫೋಟೊ ನೋಡಿದೆ. ತಿಪಟೂರಿನ ಮನೆಯ ಅಟ್ಟ ಖಾಲಿ ಮಾಡುವಾಗ ಅಮ್ಮನ ಬಿಸ್ಕತ್ತಿನ ಡಬ್ಬಿ ಸಿಕ್ಕಿದೆ, ಅದರ ತುಂಬ ಹಳೆ ಕಾಸು, ಎರಡು ಕೆಜಿ ತೂಗುತ್ತದೆ ಅಂತ ಬರೆದಿದ್ದಾನೆ. ತಾಮ್ರದ ರೇಟು ಏರಿದೆ, ಈಗಲೇ ಗುಜರಿಗೆ ಹಾಕೋಣ ಅಂತ ಭಾವ ಹೇಳುತ್ತಾರೆ. ಇಲ್ಲ, ಇನ್ನೂ ಏರುತ್ತದೆ, ಸಂತೆಯಲ್ಲಿ ಸಿಕ್ಕಷ್ಟು ಹಳೆ ಕಾಸು ಕೊಂಡು ಕೂಡಿಡೋಣ ಅಂತ ಪುಟ್ಟು. ಭಾವ, ಬೇಜಾರು ಮಾಡಿಕೊಳ್ಳಬೇಡಿ. ಎರಡೂ ಬೇಡ ಅಂತಲೇ ನಾನು ಹೇಳುವುದು.

ರೇಟು ಏರಿರುವುದು ನಿಜ. 2024ರ ಮೇ ತಿಂಗಳಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ಟನ್ನಿಗೆ 11,000 ಡಾಲರ್ ದಾಟಿತ್ತು. 2025ರಲ್ಲಿ ಆ ದಾಖಲೆಯೂ ಮುರಿಯಿತು. ಎಲೆಕ್ಟ್ರಿಕ್ ಗಾಡಿ, ಸೋಲಾರ್, ಹೊಸ ವಿದ್ಯುತ್ ಲೈನು, ಎಲ್ಲಕ್ಕೂ ತಾಮ್ರ ಬೇಕು. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಇಂಡೊನೇಷ್ಯಾದ ಗ್ರಾಸ್‌ಬರ್ಗ್ ಗಣಿಗೆ ಕೆಸರು ನುಗ್ಗಿ ಕೆಲಸ ನಿಂತಿತು. ನಮ್ಮ ದೇಶದಲ್ಲಿ ತೂತ್ತುಕುಡಿಯ ದೊಡ್ಡ ತಾಮ್ರದ ಕಾರ್ಖಾನೆ 2018ರಲ್ಲೇ ಮುಚ್ಚಿದೆ, ಆಮೇಲೆ ನಾವು ಹೊರಗಿನಿಂದ ತರಿಸುವುದೇ ಜಾಸ್ತಿ.

ಈಗ ಲೆಕ್ಕ ನೋಡಿ. ಸುಲಭವಾಗಲಿ ಅಂತ ತಾಮ್ರ ಕೆಜಿಗೆ ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳೋಣ. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ ಸುಮಾರು ಆರೂವರೆ ಗ್ರಾಂ. ಅದರಲ್ಲಿರುವ ತಾಮ್ರದ ಬೆಲೆ ಆರೂವರೆ ರೂಪಾಯಿ. ಒಂದು ಕಾಫಿಗೂ ಸಾಲದು. ಇಡೀ ಡಬ್ಬಿಗೆ ಎರಡು ಸಾವಿರ. ಗುಜರಿಯವನು ಅಷ್ಟನ್ನೂ ಕೊಡುವುದಿಲ್ಲ. ನಾಳೆ ತಾಮ್ರದ ಬೆಲೆ ಇಮ್ಮಡಿ ಆದರೂ ಡಬ್ಬಿಗೆ ನಾಲ್ಕು ಸಾವಿರ, ಅಷ್ಟೇ. ಅಷ್ಟು ದುಡ್ಡಿಗಾಗಿ ನೂರೈವತ್ತು ಇನ್ನೂರು ವರ್ಷದ ನಾಣ್ಯ ಕರಗಿಸಿಬಿಡುವುದೇ? ಕರಗಿದ ಮೇಲೆ ಟಿಪ್ಪು ಕಾಲದ್ದೂ ಒಂದೇ, ಹಳೆ ಮೋಟಾರಿನ ವೈರೂ ಒಂದೇ.

ಇನ್ನೊಂದು ವಿಷಯ. ಡಬ್ಬಿಯಲ್ಲಿರುವುದೆಲ್ಲ ಶುದ್ಧ ತಾಮ್ರವೂ ಅಲ್ಲ. 1906ರಿಂದ ಈಚೆಗೆ ಕಾಲಾಣೆಯನ್ನು ಕಂಚಿನಲ್ಲಿ ಮಾಡಿದರು, ತಾಮ್ರಕ್ಕೆ ಒಂದಿಷ್ಟು ತವರ, ಸತು ಬೆರೆಸಿ. ತೂಕವನ್ನೂ ಐದು ಗ್ರಾಮಿನ ಒಳಗೆ ಇಳಿಸಿದರು. ಪುಟ್ಟು, ಚಿನ್ನದಂಗಡಿಯಲ್ಲಿ ಇರುತ್ತದಲ್ಲ, ಆ ಥರದ ಸಣ್ಣ ತಕ್ಕಡಿಯಲ್ಲಿ ತೂಗಿದರೆ ನಿನಗೇ ವ್ಯತ್ಯಾಸ ಗೊತ್ತಾಗುತ್ತದೆ. ವಿಕ್ಟೋರಿಯಾ ರಾಣಿಯ ಮುಖ ಇರುವುದು ಭಾರ, ಐದನೇ ಜಾರ್ಜ್ ಇರುವುದು ಹಗುರ. ಫೋಟೊದಲ್ಲಿ ಬಲಗಡೆ ಇರುವ ತೂತು ಕಾಸು 1943ರಿಂದ 47ರವರೆಗಿನವು, ಬರೀ ಎರಡು ಗ್ರಾಂ. ಆಗ ಯುದ್ಧಕಾಲ, ಲೋಹ ಉಳಿಸಬೇಕಿತ್ತು, ಮಧ್ಯದ ತಾಮ್ರವನ್ನೇ ತೆಗೆದುಬಿಟ್ಟರು. 1957ರ ನಯಾ ಪೈಸೆಯೂ ಕಂಚಿನದೇ, ಒಂದೂವರೆ ಗ್ರಾಂ. ಆಮೇಲೆ ಪೈಸೆ ಅಲ್ಯೂಮಿನಿಯಮ್ಮಿಗೆ ಇಳಿಯಿತು. ಸರಕಾರವೇ ತಾಮ್ರವನ್ನು ಹೇಗೆ ಮಿಗಿಸುತ್ತಾ ಬಂತು ಅನ್ನುವುದು ಆ ಒಂದು ಡಬ್ಬಿಯಲ್ಲೇ ಕಾಣುತ್ತದೆ. ಮಕ್ಕಳಿಗೆ ಸಾಲಾಗಿ ಜೋಡಿಸಿ ತೋರಿಸಿ.

ನನ್ನ ಕಣ್ಣು ನಿಂತದ್ದು ಮೂಲೆಯಲ್ಲಿರುವ ಆನೆ ಕಾಸಿನ ಮೇಲೆ. ಅದು ಎರಡರಲ್ಲಿ ಒಂದಿರಬೇಕು. ತಿರುಗಿಸಿ ನೋಡು. ಹಿಂದೆ ಪಾರ್ಸಿ ಅಕ್ಷರ ಇದ್ದರೆ ಟಿಪ್ಪುವಿನದು. ಅವನ ತಾಮ್ರದ ನಾಣ್ಯದಲ್ಲೆಲ್ಲ ಆನೆ ಇರುತ್ತದೆ. ಒಂದೊಂದು ಅಳತೆಗೂ ಗ್ರಹ ನಕ್ಷತ್ರದ ಹೆಸರು ಇಟ್ಟಿದ್ದ. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅದು ದಪ್ಪ, ಹನ್ನೊಂದು ಗ್ರಾಮಿನ ಹತ್ತಿರ ಬರುತ್ತದೆ. ಟಂಕಸಾಲೆಯ ಹೆಸರೂ ಇರುತ್ತದೆ: ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು. ಅವನ ಆಳ್ವಿಕೆಯ ಮೊದಲ ಕೆಲವು ವರ್ಷ ಬಿಟ್ಟರೆ ಆಮೇಲಿನ ನಾಣ್ಯದಲ್ಲಿ ಇಸವಿಯ ಅಂಕಿ ಬಲದಿಂದ ಎಡಕ್ಕೆ ಓದಬೇಕು. ಹಾಗಲ್ಲದೆ ಆನೆಯ ಮೇಲೆ ಶ್ರೀ, ಸೂರ್ಯ ಚಂದ್ರ ಇದ್ದು, ಹಿಂದೆ ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತ ಇದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅದರಲ್ಲಿ ಇಂಗ್ಲಿಷಿನಲ್ಲಿ ‘ಕ್ಯಾಶ್’ ಅಂತಲೂ ಇರುತ್ತದೆ. ನಮ್ಮ ಅಕ್ಷರ ಹೊತ್ತ ನಾಣ್ಯ ನಮ್ಮ ಮನೆಯಲ್ಲೇ ಇದೆ ಅಂದರೆ ಎಷ್ಟು ಖುಷಿಯ ವಿಷಯ ಅಲ್ವಾ!

ಅತ್ತಿಗೆ, ಈ ಮಾತು ನಿಮಗೆ, ದಯವಿಟ್ಟು. ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಪೀತಾಂಬರಿ ಬೇಡ, ನಿಂಬೆ ಉಪ್ಪೂ ಬೇಡ. ದೇವರ ತಂಬಿಗೆಗೆ ಅದು ಸರಿ. ನಾಣ್ಯದ ಮೇಲಿನ ಕಂದು ಬಣ್ಣ ಕೊಳೆ ಅಲ್ಲ, ಅದು ವರ್ಷಗಟ್ಟಲೆ ಗಾಳಿಗೆ ಕೂತು ಬಂದ ಪದರ, ಒಳಗಿನ ಲೋಹವನ್ನು ಅದೇ ಕಾಯುತ್ತದೆ. ಹುಳಿ ತಾಗಿದರೆ ಪದರದ ಜೊತೆ ಸಣ್ಣ ಅಕ್ಷರವೂ ಸವೆಯುತ್ತದೆ. ಹಾಗೆ ಫಳಫಳ ಮಾಡಿದ ನಾಣ್ಯವನ್ನು ಸಂಗ್ರಹಕಾರರು ಕೈಯಲ್ಲೂ ಹಿಡಿಯುವುದಿಲ್ಲ. ಮಣ್ಣು ಅಂಟಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಮೆತ್ತನೆ ಬಟ್ಟೆಯ ಮೇಲೆ ಪೂರ್ತಿ ಒಣಗಲು ಬಿಡಿ. ಉಜ್ಜಬೇಡಿ. ಮುಟ್ಟುವಾಗ ಅಂಚು ಹಿಡಿಯಿರಿ, ಬೆವರಿನ ಉಪ್ಪು ತಾಮ್ರಕ್ಕೆ ಆಗುವುದಿಲ್ಲ. ಯಾವುದಾದರೂ ನಾಣ್ಯದ ಮೇಲೆ ತಿಳಿ ಹಸಿರು ಪುಡಿ ಏಳುತ್ತಿದ್ದರೆ ಅದನ್ನು ಬೇರೆ ಇಡಿ. ಅದು ಲೋಹವನ್ನು ತಿನ್ನುವ ಕಿಲುಬು, ಬಿಟ್ಟರೆ ಒಳಗೆ ಇಳಿಯುತ್ತಾ ಹೋಗುತ್ತದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಆಲ್ಬಂ ಬೇಡ, ಕಾಲ ಕಳೆದಂತೆ ಅದರಿಂದ ಹಸಿರು ಅಂಟು ಹತ್ತುತ್ತದೆ. ಸದ್ಯಕ್ಕೆ ಒಂದೊಂದನ್ನೂ ಸಣ್ಣ ಕಾಗದದ ಕವರಿನಲ್ಲಿ ಹಾಕಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟರೆ ಸಾಕು.

ಪುಟ್ಟು, ಸಂತೆಯಲ್ಲಿ ಕೊಂಡು ಕೂಡಿಡುವ ಮಾತಿಗೆ ಬರುತ್ತೇನೆ. ಅಲ್ಲಿ ಮಾರುವವನು ತಾಮ್ರದ ತೂಕಕ್ಕೆ ಕೊಡುವುದಿಲ್ಲ, ಹಳೆ ನಾಣ್ಯ ಅಂತ ಎಷ್ಟೋ ಪಟ್ಟು ಜಾಸ್ತಿ ಹೇಳುತ್ತಾನೆ. ಆಮೇಲೆ ತಾಮ್ರ ಏರಿದರೂ ನಿನ್ನ ಅಸಲು ಹುಟ್ಟುವುದಿಲ್ಲ. ನಾಣ್ಯದ ಮೇಲೆ ಪ್ರೀತಿ ಇದ್ದರೆ ಕೊಳ್ಳು, ತಾಮ್ರದ ಲಾಭಕ್ಕೆ ಕೊಳ್ಳಬೇಡ. ನಕಲಿಯೂ ಬೇಕಾದಷ್ಟಿದೆ. ರಾಮ ಸೀತೆ, ಹನುಮಂತನ ಚಿತ್ರ, ‘1818 ಈಸ್ಟ್ ಇಂಡಿಯಾ ಕಂಪನಿ ಒಂದು ಆಣೆ’ ಅಂತ ಬರೆದದ್ದು ಎಲ್ಲ ಕಡೆ ಸಿಗುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಬ್ರಿಟಿಷ್ ಇಂಡಿಯಾದ ಒಂದಾಣೆ ಬಂದದ್ದೇ 1906ರ ಹೊತ್ತಿಗೆ, ಅದೂ ತಾಮ್ರ ನಿಕಲ್ ಬೆರೆಸಿದ್ದು.

ಡಬ್ಬಿಯ ಫೋಟೊ ಹೊರಗಿನ ಗ್ರೂಪಿಗೆ ಹಾಕಬೇಡ. ಹಳೆ ಕಾಸಿಗೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಫೀಸು, ತೆರಿಗೆ ಕಟ್ಟಿ ಅಂತ ಕರೆ ಬರುತ್ತದೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಹೇಳುತ್ತಾರೆ. ತಾವು ಇಂಥ ವ್ಯವಹಾರ ಮಾಡುವುದಿಲ್ಲ, ಫೀಸೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ. ಇನ್ನು ರೈಸ್ ಪುಲ್ಲಿಂಗ್ ಗ್ಯಾಂಗು. ಅಕ್ಕಿ ಎಳೆಯುವ ತಾಮ್ರದ ಕಾಸು, ಕೋಟಿ ಬೆಲೆ ಅಂತ ನಮ್ಮ ರಾಜ್ಯದಲ್ಲೇ ಎಷ್ಟು ಜನರ ಮನೆ ಹಾಳು ಮಾಡಿದ್ದಾರೆ! ಯಾವ ತಾಮ್ರವೂ ಅಕ್ಕಿ ಎಳೆಯುವುದಿಲ್ಲ. ಒಳಗೆ ಅಯಸ್ಕಾಂತ, ಅಕ್ಕಿಗೆ ಕಬ್ಬಿಣದ ಪುಡಿ. ಅಂಥವರು ಬಾಗಿಲಿಗೆ ಬಂದರೆ ನೇರ ಪೊಲೀಸರಿಗೆ ಹೇಳಿ.

ನ್ಯೂಜೆರ್ಸಿಯ ಅಕ್ಕ ಕೇಳಿದ್ದಳಲ್ಲ, ಅಲ್ಲಿ ಜನ ಹಳೆ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಕೂಡಿಡುತ್ತಾರೆ, ಅದೇನು ಅಂತ. ಅಲ್ಲಿ ಲೆಕ್ಕ ಬೇರೆ. 1982ರಲ್ಲಿ ಪೆನ್ನಿಯನ್ನು ಸತುವಿಗೆ ಬದಲಾಯಿಸಿದರು. ಅದಕ್ಕೆ ಮುಂಚಿನದರಲ್ಲಿ ನೂರಕ್ಕೆ 95 ಪಾಲು ತಾಮ್ರ. ಟನ್ನಿಗೆ 11,000 ಡಾಲರ್ ಲೆಕ್ಕದಲ್ಲಿ ಒಂದು ಸೆಂಟಿನ ನಾಣ್ಯದಲ್ಲಿ ಮೂರು ಸೆಂಟಿಗಿಂತ ಜಾಸ್ತಿ ತಾಮ್ರ. ಚಿಲ್ಲರೆಯಲ್ಲಿ ಸಿಕ್ಕಿದ್ದನ್ನು ಮುಖಬೆಲೆಗೇ ಎತ್ತಿಡುವುದರಿಂದ ಅವರಿಗೆ ನಷ್ಟವಿಲ್ಲ. ಆದರೆ ಕರಗಿಸುವುದು ಅಲ್ಲಿ ಕಾನೂನುಬಾಹಿರ. ದೇಶದ ಹೊರಗೆ ಬರುವಾಗ ಜೇಬಿನಲ್ಲಿ 5 ಡಾಲರಿನಷ್ಟು ಪೆನ್ನಿ ಮಾತ್ರ ತರಬಹುದು. ಅಕ್ಕಾ, ಇಲ್ಲಿಂದ ಒಯ್ಯುವುದಕ್ಕೂ ತಡೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು, ಭಾರತದಿಂದ ಹೊರಗೆ ಒಯ್ಯುವ ಹಾಗಿಲ್ಲ. ನಿನ್ನ ಪಾಲಿಗೆ ತೂತು ಕಾಸು, ನಯಾ ಪೈಸೆ ಆರಿಸಿಡುತ್ತೇವೆ.

ಅಮ್ಮ ಅಷ್ಟು ವರ್ಷ ಕೂಡಿಟ್ಟಿದ್ದನ್ನು ತೂಕಕ್ಕೆ ಮಾರುವುದು ನನಗೆ ಬೇಡವೇ ಬೇಡ. ನನ್ನ ಮಾತು ಇಷ್ಟು: ಒಂದೇ ಥರದ್ದು ಹಲವು ಇರುವುದನ್ನು ನಾಲ್ಕೂ ಮನೆಗೆ ಹಂಚೋಣ, ಒಂಟಿ ನಾಣ್ಯಗಳೆಲ್ಲ ಒಟ್ಟಿಗೆ ತಿಪಟೂರಿನಲ್ಲೇ ಇರಲಿ. ಪುಟ್ಟು, ಈ ಭಾನುವಾರದೊಳಗೆ ರಾಜ ರಾಣಿ ನೋಡಿ ಬೇರೆ ಮಾಡು, ಇಸವಿ ಪ್ರಕಾರ ಜೋಡಿಸು, ತೂಕ ಒಂದು ನೋಟ್‌ಬುಕ್ಕಿನಲ್ಲಿ ಬರೆ. ಎರಡೂ ಬದಿಯ ಫೋಟೊ ಹಗಲು ಬೆಳಕಿನಲ್ಲಿ ತೆಗೆದು ಈ ಗ್ರೂಪಿಗೇ ಹಾಕು. ಭಾವ, ಗುಜರಿಯವನಿಗೆ ಬರಬೇಡ ಅಂತ ಇವತ್ತೇ ಫೋನ್ ಮಾಡಿಬಿಡಿ.