ಎಂಜಿನ್ ಪಾರ್ಟ್ಸ್ ಮಾಡುವ ನಮ್ಮ ಯೂನಿಟ್ ಇವಿ ಕಾಲಕ್ಕೆ ತಿರುಗುವುದು ಹೇಗೆ?

ಪ್ರಶ್ನೆ (ಮಾಲೂರಿನ ಸದಸ್ಯರು):
ಸರ್, ಗ್ರೂಪ್‌ನ ಎಲ್ಲರಿಗೂ ನಮಸ್ಕಾರ. ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಮೆಷಿನಿಂಗ್ ಯೂನಿಟ್ ಇದೆ. ತಂದೆಯವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಐವತ್ತು ಚಿಲ್ಲರೆ ಜನ ಇದ್ದಾರೆ. ಬೈಕ್, ಸ್ಕೂಟರ್ ಎಂಜಿನ್‌ಗೆ ಕಿಕ್ ಶಾಫ್ಟ್, ರಾಕರ್ ಶಾಫ್ಟ್, ಗೇರ್ ಶಾಫ್ಟ್ ಮಾಡುತ್ತೇವೆ. ಮುಕ್ಕಾಲು ಪಾಲು ಕೆಲಸ ಒಬ್ಬರೇ ಗಿರಾಕಿಯದ್ದು. ಹಳೇ ಆರ್ಡರ್ ಇನ್ನೂ ಕಡಿಮೆ ಆಗಿಲ್ಲ. ಆದರೆ ಹೋದ ವರ್ಷದಿಂದ ಹೊಸ ಪಾರ್ಟ್ ಬಗ್ಗೆ ಒಂದು ವಿಚಾರಣೆಯೂ ಬಂದಿಲ್ಲ.

ಒಬ್ಬರು ಇವಿ ಮೋಟಾರ್ ಶಾಫ್ಟ್ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಏರೋಸ್ಪೇಸ್‌ಗೆ ಹೋಗಿ ಅನ್ನುತ್ತಾರೆ. ತಂದೆಯವರು "ಪೆಟ್ರೋಲ್ ಗಾಡಿ ಎಲ್ಲಿಗೂ ಹೋಗಲ್ಲ, ಸುಮ್ನಿರು" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಸಲಹೆಗಾರರು):
ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ನಿಜ ಇದೆ. 2024–25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರತಿ ನೂರು ದ್ವಿಚಕ್ರ ವಾಹನಗಳಲ್ಲಿ ಎಲೆಕ್ಟ್ರಿಕ್ ಇದ್ದದ್ದು ಸುಮಾರು ಆರು. 2023ರ ಜೂನ್‌ನಲ್ಲಿ ಎಲೆಕ್ಟ್ರಿಕ್ ಗಾಡಿಗೆ ಕೇಂದ್ರ ಕೊಡುತ್ತಿದ್ದ ಫೇಮ್ ಸಬ್ಸಿಡಿ ಇಳಿಸಿದ ಕೂಡಲೇ ಎಲೆಕ್ಟ್ರಿಕ್ ದ್ವಿಚಕ್ರ ಗಾಡಿಗಳ ಮಾರಾಟ ಹಿಂದಿನ ತಿಂಗಳ ಅರ್ಧಕ್ಕಿಂತ ಕೆಳಗೆ ಬಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರ್ ಮ್ಯಾಗ್ನೆಟ್‌ಗಳ ರಫ್ತು ಬಿಗಿ ಮಾಡಿದಾಗ ದೊಡ್ಡ ದೊಡ್ಡ ಕಂಪನಿಗಳೇ ಪರದಾಡಿದವು. ಅದೇ ವರ್ಷ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹಾಗಾಗಿ ನಿಮ್ಮ ಹಳೇ ಆರ್ಡರ್ ನಾಳೆಯೇ ನಿಲ್ಲುವುದಿಲ್ಲ.

ಆದರೆ ನೀವು ಬರೆದ ಒಂದು ಸಾಲು ನನಗೆ ಬಹಳ ಮುಖ್ಯ ಅನ್ನಿಸಿತು. ಹೊಸ ವಿಚಾರಣೆ ಬರುತ್ತಿಲ್ಲ ಅಂದಿರಿ. ಇವತ್ತು ನೀವು ಕಳಿಸುತ್ತಿರುವ ಪಾರ್ಟ್ ಕೆಲವು ವರ್ಷದ ಹಿಂದೆ ಯಾರೋ ಡಿಸೈನ್ ಮಾಡಿದ್ದು. ಇವತ್ತು ಬರಬೇಕಾದ ವಿಚಾರಣೆ ಮುಂದಿನ ವರ್ಷಗಳ ಆರ್ಡರ್. ಮೊದಲು ನಿಲ್ಲುವುದು ವಿಚಾರಣೆ, ಆಮೇಲೆ ಆರ್ಡರ್, ಕೊನೆಗೆ ಗೊತ್ತಾಗುವುದು ಬ್ಯಾಂಕ್ ಖಾತೆಯಲ್ಲಿ. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಹೊಗೆ ನಿಯಮ ಬಂದಾಗ ಕಾರ್ಬ್ಯುರೇಟರ್ ಪಾರ್ಟ್ಸ್ ನಂಬಿಕೊಂಡಿದ್ದವರಿಗೆ ಆದದ್ದೂ ಇದೇ. ಹೆಚ್ಚಿನ ಗಾಡಿಗಳು ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ಇನ್ನು ನಿಮ್ಮ ಪಕ್ಕದಲ್ಲೇ ನೋಡಿ. ಹೋಂಡಾದವರು 2024ರ ನವೆಂಬರ್‌ನಲ್ಲಿ ಎಲೆಕ್ಟ್ರಿಕ್ ಆಕ್ಟಿವಾ ತೋರಿಸಿದರು. ಅದನ್ನು ತಯಾರಿಸಲು ಆರಿಸಿಕೊಂಡದ್ದು ನರಸಾಪುರದ ಕಾರ್ಖಾನೆಯನ್ನೇ.

ಈಗ ಕೆಲಸದ ಮಾತು. ಹೊಸ ಮೆಷಿನ್ ಕೊಟೇಶನ್ ತರಿಸುವ ಮೊದಲು ಒಂದು ಎಕ್ಸೆಲ್ ಶೀಟ್ ಮಾಡಿ. ಒಂದು ತಿಂಗಳು, ಪ್ರತಿ ಮೆಷಿನ್ ಮೇಲೆ ಯಾವ ಪಾರ್ಟ್ ಎಷ್ಟು ಗಂಟೆ ಓಡಿತು ಅಂತ ಬರೆಯಿರಿ. ಟರ್ನೋವರ್ ಬೇಡ, ಗಂಟೆ ಸಾಕು. ಎಂಜಿನ್ ಇಲ್ಲದಿದ್ದರೆ ಬೇಡವಾಗುವ ಪಾರ್ಟ್‌ಗೆ ಒಂದು ಬಣ್ಣ ಹಾಕಿ. ವೀಲ್ ಆಕ್ಸಲ್, ಸ್ವಿಂಗ್ ಆರ್ಮ್ ಪಿವಟ್, ಸ್ಟ್ಯಾಂಡ್ ಪಿನ್, ಬ್ರೇಕ್ ಕ್ಯಾಮ್ ಇಂಥವು ಪೆಟ್ರೋಲ್ ಗಾಡಿಗೂ ಬೇಕು, ಇವಿಗೂ ಬೇಕು. ಅವುಗಳಿಗೆ ಇನ್ನೊಂದು ಬಣ್ಣ. ಗಾಡಿಗೇ ಸಂಬಂಧವಿಲ್ಲದ್ದಕ್ಕೆ ಮತ್ತೊಂದು. ನೀವು ಹೇಳಿದ್ದನ್ನು ನೋಡಿದರೆ ಹಾಳೆ ಪೂರ್ತಿ ಒಂದೇ ಬಣ್ಣ ಆಗುತ್ತದೆ. ಅದನ್ನು ತಂದೆಯವರ ಮುಂದಿಡಿ, ವಾದ ಮಾಡಬೇಡಿ.

ಆಮೇಲೆ ಬಹುತೇಕ ಕಡೆ ಎಡವುವ ಜಾಗ ಬರುತ್ತದೆ. ಬದಲಾಗಬೇಕು ಅಂತ ಎಲ್ಲರೂ ಒಪ್ಪಿರುತ್ತಾರೆ, ಆದರೆ ಮೆಷಿನ್ ಮತ್ತು ಜನ ಹಳೇ ಕೆಲಸದಲ್ಲೇ ಉಳಿದಿರುತ್ತಾರೆ. ನಮ್ಮ ತುಮಕೂರಿನ ಎಚ್‌ಎಂಟಿ ನೆನಪಿದೆಯಲ್ವಾ? 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರು ಮಾಡಿದರು, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕ್ವಾರ್ಟ್ಜ್ (ಬ್ಯಾಟರಿಯಿಂದ ಓಡುವ ವಾಚ್) ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ ಅನ್ನುವುದು ತಪ್ಪು. 80ರ ದಶಕದ ಶುರುವಿನಲ್ಲೇ ಕ್ವಾರ್ಟ್ಜ್ ವಾಚ್ ಬಿಟ್ಟಿದ್ದರು. ಆದರೆ ಭಾರವೆಲ್ಲ ಕೀಲಿ ಕೊಡುವ ವಾಚಿನ ಮೇಲೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನಲ್ಲಿ ಕ್ವಾರ್ಟ್ಜ್ ನಂಬಿಯೇ ನಿಂತಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಜಾಗ ಇಸ್ರೋ ಕೈಗೆ ಹೋಯಿತು. ಸರ್ಕಾರಿ ಕಂಪನಿಗೆ ಬೇರೆ ಕಟ್ಟುಪಾಡುಗಳೂ ಇದ್ದವು, ಒಪ್ಪುತ್ತೇನೆ. ಆ ಕೆಲಸಗಾರರ ಕೈಚಳಕದಲ್ಲಿ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಅದಕ್ಕೇ ನನಗೆ ಈ ವಿಷಯ ಇವತ್ತಿಗೂ ನೋವು ಕೊಡುತ್ತದೆ.

ನಿಮ್ಮ ಯೂನಿಟ್‌ನಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತಾ? ಮೋಟಾರ್ ಶಾಫ್ಟ್ ಸ್ಯಾಂಪಲ್ ಮಾಡೋಣ ಅಂತ ಸೋಮವಾರ ಮಾತಾಡುತ್ತೀರಿ. 27ನೇ ತಾರೀಖು ಬರುತ್ತದೆ, ತಿಂಗಳ ಕೊನೆ ಡಿಸ್ಪ್ಯಾಚ್ ಒತ್ತಡ. ಸ್ಯಾಂಪಲ್ ಹಾಕಿದ್ದ ಮೆಷಿನ್‌ನಿಂದ ಅದನ್ನು ಇಳಿಸಿ ಕಿಕ್ ಶಾಫ್ಟ್ ಏರಿಸುತ್ತಾರೆ. ಸ್ಯಾಂಪಲ್ ಮುಂದಿನ ತಿಂಗಳಿಗೆ ಹೋಗುತ್ತದೆ. ಆ ತಿಂಗಳಿಗೂ 27ನೇ ತಾರೀಖು ಇದ್ದೇ ಇರುತ್ತದೆ. ಇದನ್ನು ತಡೆಯಬೇಕಾದವರು ನೀವೇ, ಬೇರೆ ಯಾರಿಂದಲೂ ಆಗದು. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇಥ್, ಒಂದು ಗ್ರೈಂಡಿಂಗ್ ಮೆಷಿನ್, ಮೆಷಿನ್ ಹೊಂದಿಸಿಕೊಡುವ ನಿಮ್ಮ ಅತ್ಯುತ್ತಮ ಸೆಟ್ಟರ್. ಇಷ್ಟನ್ನು ಬೇರೆ ಮಾಡಿ, ನೆಲಕ್ಕೆ ಹಳದಿ ಗೆರೆ ಎಳೆಸಿ. ನಿಮ್ಮ ಸಹಿ ಇಲ್ಲದೆ ಹಳೇ ಪಾರ್ಟ್ ಆ ಗೆರೆ ದಾಟಬಾರದು.

ಪ್ರಶ್ನೆ (ಅದೇ ಸದಸ್ಯರು):
ಅತ್ಯುತ್ತಮ ಸೆಟ್ಟರ್ ಅಂದಿರಿ ಸರ್. ಅವರನ್ನು ತೆಗೆದರೆ ಹಳೇ ಲೈನ್‌ನಲ್ಲಿ ರಿಜೆಕ್ಷನ್ ಜಾಸ್ತಿಯಾಗುತ್ತದೆ. ಗಿರಾಕಿ ಬಿಡುತ್ತಾರಾ?

ಉತ್ತರ:
ಸ್ವಲ್ಪ ದಿನ ಜಾಸ್ತಿಯಾಗುತ್ತದೆ. ಅದಕ್ಕೇ ಒಂದೇ ಸಲ ಎತ್ತಬೇಡಿ. ಅವರ ಕೈಕೆಳಗಿನ ಹುಡುಗನಿಗೆ ಮೊದಲು ಒಂದು ಪಾರ್ಟ್‌ನ ಪೂರ್ತಿ ಸೆಟ್ಟಿಂಗ್ ಬಿಟ್ಟುಕೊಡಿ, ನಂತರ ಎರಡನೆಯದು. ಆಫ್‌ಸೆಟ್ (ಟೂಲ್‌ಗೆ ಕೊಡುವ ಅಳತೆ ಹೊಂದಾಣಿಕೆ), ಟೂಲ್ ಲೈಫ್ ಎಲ್ಲ ಮೇಸ್ತ್ರಿ ತಲೆಯಲ್ಲೇ ಇದ್ದರೆ ಬರೆದು ಮೆಷಿನ್ ಬಾಗಿಲಿಗೆ ಅಂಟಿಸಿ.

ಹೊಸದಕ್ಕೆ ಎರಡನೇ ದರ್ಜೆ ಕೈ ಹಾಕಿದರೆ ಕೆಲಸ ಕೆಡುತ್ತದೆ. ಮೋಟಾರ್ ಶಾಫ್ಟ್ ನೋಡಲು ನಿಮ್ಮ ಗೇರ್ ಶಾಫ್ಟ್ ತರಹವೇ ಇರುತ್ತದೆ. ಆದರೆ ಬೇರಿಂಗ್ ಕೂರುವ ಜಾಗದಲ್ಲಿ ಅಳತೆ ಮೈಕ್ರಾನ್‌ಗಳಲ್ಲಿ ನಿಲ್ಲಬೇಕು, ಎರಡು ತುದಿಗಳ ರನೌಟ್ (ತಿರುಗುವಾಗ ಆಗುವ ಓಲಾಟ) ಕೂಡ ತೀರಾ ಕಡಿಮೆ ಇರಬೇಕು. ಪೆಟ್ರೋಲ್ ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗುವ ಕಿರಿಕಿರಿ, ಸದ್ದೇ ಇಲ್ಲದ ಇವಿಯಲ್ಲಿ ಎದ್ದು ಕೇಳುತ್ತದೆ. ಮೊದಲ ಲಾಟ್ ವಾಪಸ್ ಬಂದರೆ "ನೋಡಿದ್ಯಾ, ಇದೆಲ್ಲ ನಮಗಲ್ಲ" ಅನ್ನುವವರು ನಿಮ್ಮ ಮನೆಯಲ್ಲೇ ಇದ್ದಾರೆ.

ಪ್ರಶ್ನೆ (ವೇಮಗಲ್‌ನಿಂದ, ಎಚ್‌ಆರ್ ನೋಡಿಕೊಳ್ಳುವ ಸದಸ್ಯೆ):
ಸರ್, ಕೆಲಸಗಾರರಿಗೆ ಯಾವಾಗ ಹೇಳಬೇಕು? ನಮ್ಮಲ್ಲೂ ಇದೇ ಸಮಸ್ಯೆ. ಹೇಳಿದರೆ ಒಳ್ಳೆಯವರು ಮೊದಲು ಹೋಗುತ್ತಾರೆ ಅಂತ ಮಾಲೀಕರು ಬಾಯಿ ಬಿಡುತ್ತಿಲ್ಲ.

ಉತ್ತರ:
ಮೇಡಂ, ಹಳದಿ ಗೆರೆ ಎಳೆಯುವ ಹಿಂದಿನ ದಿನವೇ ಹೇಳಬೇಕು. ಗೆರೆ ನೋಡಿದ ಮೇಲೆ ಕ್ಯಾಂಟೀನ್‌ನಲ್ಲಿ ಅವರೇ ಒಂದು ಕಥೆ ಕಟ್ಟಿಕೊಳ್ಳುತ್ತಾರೆ. ಆ ಕಥೆ ನಿಜಕ್ಕಿಂತ ಭಯಂಕರವಾಗಿರುತ್ತದೆ. ಒಳ್ಳೆಯವರು ಬಿಟ್ಟು ಹೋಗುವುದು ಹೆಚ್ಚಾಗಿ ಆ ಕಥೆ ಕೇಳಿ.

ಬೆಳಿಗ್ಗೆ ಸೂಪರ್‌ವೈಸರ್‌ಗಳಿಗೆ, ಅದೇ ದಿನ ಶಿಫ್ಟ್ ಬದಲಾಗುವ ಹೊತ್ತಿಗೆ ಎಲ್ಲರಿಗೂ. ಮಾಲೀಕರೇ ನಿಂತು ಹೇಳಬೇಕು, ನೋಟಿಸ್ ಬೋರ್ಡ್ ಸಾಲದು. ಮಾತು ಹೀಗಿದ್ದರೆ ಸಾಕು: "ಈ ಪಾರ್ಟ್‌ಗಳು ಇನ್ನೂ ಓಡುತ್ತವೆ. ಹೊಸದು ಬರುತ್ತಿಲ್ಲ. ಅದಕ್ಕೆ ಮೂರು ಮೆಷಿನ್‌ನಲ್ಲಿ ಹೊಸ ಕೆಲಸ ಕಲಿಯುತ್ತೇವೆ. ಕಲಿಯುವಾಗ ಯಾರ ಸಂಬಳವೂ ಓಟಿ (ಓವರ್‌ಟೈಮ್) ಲೆಕ್ಕದಲ್ಲಿ ಕಡಿಮೆ ಆಗಲ್ಲ. ಮುಂದಿನ ತಿಂಗಳು ಇದೇ ಜಾಗದಲ್ಲಿ ಎಲ್ಲಿಗೆ ಬಂದಿದ್ದೇವೆ ಅಂತ ಹೇಳುತ್ತೇನೆ." ಓಟಿ ಮಾತು ಬಿಡಬೇಡಿ. ಕಲಿಯಲು ಹೋದವನ ಕೈಗೆ ತಿಂಗಳಿಗೆ ಎರಡು ಸಾವಿರ ಕಡಿಮೆ ಬಂದರೆ ಅವನು ಮತ್ತೆ ಆ ಕಡೆ ಬರುವುದಿಲ್ಲ. "ಯಾರ ಕೆಲಸವೂ ಹೋಗಲ್ಲ" ಅಂತ ಮಾತ್ರ ಮಾತು ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ.

ಪ್ರಶ್ನೆ (ಚಿಂತಾಮಣಿಯಿಂದ):
ಏರೋಸ್ಪೇಸ್ ಬಗ್ಗೆ ಏನೂ ಹೇಳಲಿಲ್ಲ ಸರ್. ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ವಾ?

ಉತ್ತರ:
ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ಅಲ್ಲಿ ಎಎಸ್ 9100 ಅನ್ನುವ ಏರೋಸ್ಪೇಸ್ ಗುಣಮಟ್ಟದ ಸರ್ಟಿಫಿಕೇಟ್ ಕೇಳುತ್ತಾರೆ, ಅನುಮೋದನೆಗೆ ವರ್ಷಗಟ್ಟಲೆ ಕಾಯಬೇಕು, ಪೀಸ್ ಸಂಖ್ಯೆ ಕಡಿಮೆ. ದಿನಕ್ಕೆ ಸಾವಿರಾರು ಪೀಸ್ ಇಳಿಸಿ ಅಭ್ಯಾಸವಾದ ಯೂನಿಟ್‌ಗೆ ಅದು ಮೊದಲ ಹೆಜ್ಜೆ ಆಗಬಾರದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇರುವಷ್ಟು ಬೋರ್‌ವೆಲ್ ಇಟ್ಟುಕೊಂಡು ಸಬ್‌ಮರ್ಸಿಬಲ್ ಪಂಪ್ ಶಾಫ್ಟ್ ಕಡೆ ಯಾಕೆ ಯಾರೂ ನೋಡುವುದಿಲ್ಲ? ಅದೇ ಲೇಥ್, ಅದೇ ಗ್ರೈಂಡಿಂಗ್. ಸ್ಟೇನ್‌ಲೆಸ್ ಸ್ಟೀಲ್ ಆದ್ದರಿಂದ ಟೂಲ್ ಬದಲಾಗುತ್ತದೆ, ಅಷ್ಟೇ.

ಪ್ರಶ್ನೆ (ಮಾಲೂರಿನ ಸದಸ್ಯರು):
ದುಡ್ಡಿನ ಬಗ್ಗೆ ಒಂದು ಮಾತು ಹೇಳಿ ಸರ್. ಗಿರಾಕಿ 90 ದಿನಕ್ಕೆ ಪೇಮೆಂಟ್ ಕೊಡುತ್ತಾರೆ. ಇನ್ನೊಂದು, ತಂದೆಯವರನ್ನು ಬಿಟ್ಟು ಇದನ್ನು ಮಾಡಲು ನನಗೆ ಮನಸ್ಸಿಲ್ಲ.

ಉತ್ತರ:
ಉದ್ಯಮ್ ನೋಂದಣಿ (ಸಣ್ಣ ಕೈಗಾರಿಕೆಗಳ ಸರ್ಕಾರಿ ನೋಂದಣಿ) ಇದ್ದು ನೀವು ಸಣ್ಣ ಉದ್ಯಮದ ಲೆಕ್ಕಕ್ಕೆ ಬಂದರೆ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಆ ಹಣ ಕೊಡುವವರೆಗೆ ಗಿರಾಕಿಗೆ ಆದಾಯ ತೆರಿಗೆಯಲ್ಲಿ ಅದು ಖರ್ಚು ಅಂತ ಸಿಗುವುದಿಲ್ಲ. ಈ ನಿಯಮ 2024ರ ಏಪ್ರಿಲ್‌ನಿಂದ ಬಂದದ್ದು, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್) ಮೂಲಕ. ಜಗಳ ಬೇಡ. ನಿಮ್ಮ ಆಡಿಟರ್‌ನಿಂದ ಅವರ ಅಕೌಂಟ್ಸ್ ವಿಭಾಗಕ್ಕೆ ಒಂದು ಪತ್ರ ಹೋಗಲಿ. ಮೆಷಿನ್ ಸಾಲ ಬೇಕಾದರೆ ಸಣ್ಣ ಉದ್ಯಮಗಳ ಸಾಲಕ್ಕೆ ಸಿಗುವ ಸಿಜಿಟಿಎಂಎಸ್‌ಇ ಗ್ಯಾರಂಟಿ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿಗೆ ಏರಿದೆ. ಆದರೆ ಸ್ಯಾಂಪಲ್ ಪಾಸ್ ಆಗುವ ಮೊದಲು ಸಾಲ ಮಾಡಬೇಡಿ. ಇರುವ ಮೆಷಿನ್‌ನಲ್ಲೇ ಅಳತೆ ಹಿಡಿದು ತೋರಿಸಿ.

ತಂದೆಯವರಿಗೆ ನಿಮ್ಮಿಂದ ಆಗದ ಕೆಲಸ ಕೊಡಿ. ಪಂಪ್ ಮಾಡುವವರಲ್ಲಿ, ಸಸ್ಪೆನ್ಷನ್ ಮಾಡುವವರಲ್ಲಿ ಅವರ ಕಾಲದ ಪರಿಚಯಸ್ಥರು ಇದ್ದೇ ಇರುತ್ತಾರೆ. ಅವರು ಒಂದು ಫೋನ್ ಮಾಡಿದರೆ ಬಾಗಿಲು ತೆರೆಯುತ್ತದೆ, ನೀವು ಹತ್ತು ಮೇಲ್ ಹಾಕಿದರೂ ತೆರೆಯದು. ಗಿರಾಕಿ ಒಬ್ಬರೇ ಅನ್ನುವ ಕಷ್ಟ ಇವಿಗಿಂತ ದೊಡ್ಡದು, ಅದನ್ನು ಅವರು ನಿಮಗಿಂತ ಬೇಗ ಒಪ್ಪುತ್ತಾರೆ. ಆದರೆ ಶಾಪ್ ಫ್ಲೋರ್‌ನಲ್ಲಿ ಆದೇಶ ಒಬ್ಬರದ್ದೇ ಇರಲಿ. ಇದನ್ನು ಮನೆಯಲ್ಲೇ ಕೂತು ಮಾತಾಡಿ ಮುಗಿಸಿಕೊಳ್ಳಿ, ಸೂಪರ್‌ವೈಸರ್ ಮುಂದೆ ಬೇಡ.

ಮಾಲೂರಿನ ಸದಸ್ಯರು:
ತುಂಬಾ ಉಪಕಾರವಾಯಿತು ಸರ್. ಒಂದು ಮೋಟಾರ್ ಶಾಫ್ಟ್ ಡ್ರಾಯಿಂಗ್ ಕೈಗೆ ಸಿಕ್ಕಿದೆ. ಕಳಿಸಿದರೆ ನೋಡುತ್ತೀರಾ?

ಉತ್ತರ:
ಖಂಡಿತ ನೋಡುತ್ತೇನೆ. ಗ್ರೂಪ್‌ನಲ್ಲಿ ಹಾಕಬೇಡಿ, ಗಿರಾಕಿ ಹೆಸರು, ಪಾರ್ಟ್ ನಂಬರ್ ಮುಚ್ಚಿ ನನಗೆ ಮಾತ್ರ ಕಳಿಸಿ. ಜೊತೆಗೆ ನಿಮ್ಮ ಗ್ರೈಂಡಿಂಗ್ ಮೆಷಿನ್‌ನಲ್ಲಿ ಸತತವಾಗಿ ತೆಗೆದ ಮೂವತ್ತು ಪೀಸ್‌ಗಳ ವ್ಯಾಸ ಅಳೆದು ಬರೆದು ಕಳಿಸಿ. ಆರಿಸಿ ತೆಗೆದ ಪೀಸ್ ಬೇಡ, ಮೆಷಿನ್‌ನಿಂದ ಬಂದ ಸಾಲಿನಲ್ಲೇ ಇರಲಿ.