ಬಾಣಂತಿ ಮನೆಯಲ್ಲಿ, ಕೂಸು ಎನ್‌ಐಸಿಯುನಲ್ಲಿ: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ಬಿಪಿ ಏರಿದ್ದರಿಂದ 31ನೇ ವಾರಕ್ಕೇ ಸಿಜೇರಿಯನ್ ಆಯಿತು. ಮಗ 1,350 ಗ್ರಾಂ. ನನ್ನನ್ನು ಮನೆಗೆ ಕಳಿಸಿದ್ದಾರೆ, ಅವನು ಎನ್‌ಐಸಿಯುನಲ್ಲೇ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಾನೆ. ಬಾಣಂತಿ ಹೊಸಿಲು ದಾಟಬಾರದು ಎಂದು ಅಮ್ಮ ತಡೆಯುತ್ತಾರೆ. ಹೋದರೂ ಅವನನ್ನಿಟ್ಟ ಪೆಟ್ಟಿಗೆ ನೋಡಿ ಅಳುವುದಷ್ಟೇ. ಹಾಲೂ ಸರಿಯಾಗಿ ಬರುತ್ತಿಲ್ಲ. ಗಂಡ ಬಾಯಿ ಬಿಡುವುದಿಲ್ಲ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ತಂಗಿ, ಹೋಗಿ. ಅಳು ಬಂದರೂ ಹೋಗಿ. ನನ್ನ ಮಗಳೂ ಹೀಗೇ ಅವಸರ ಮಾಡಿಕೊಂಡು ಬಂದವಳು. ಈಗ ಅವಳನ್ನು ಬೆಳಿಗ್ಗೆ ಎಬ್ಬಿಸಿ ಶಾಲೆಗೆ ಕಳಿಸುವುದೇ ದೊಡ್ಡ ಕೆಲಸ. ಆಗ ನಾನೂ ಮಾನಿಟರ್ ನಂಬರುಗಳನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಬೀಪ್ ಅಂದರೆ ಎದೆ ಧಸಕ್ಕೆನ್ನುತ್ತಿತ್ತು. ಕಾಲಿಗೆ ಸುತ್ತಿದ ಸೆನ್ಸರ್ ಸ್ವಲ್ಪ ಜಾರಿದರೂ ಅದು ಕೂಗುತ್ತದೆ ಎಂದು ಆಮೇಲೆ ಒಬ್ಬ ಸಿಸ್ಟರ್ ಹೇಳಿದರು. ಕೆಲವು ಸಲ ಕೂಸು ನಿಜವಾಗಿಯೂ ಉಸಿರಾಡಲು ಮರೆಯುತ್ತದೆ. ದಿನ ತುಂಬದೆ ಹುಟ್ಟಿದವರಲ್ಲಿ ಇದು ಮಾಮೂಲು, ಅದಕ್ಕೇ ಅಲ್ವಾ ಅಲ್ಲಿ ಇಟ್ಟುಕೊಂಡಿರುವುದು?

ಸುಮ್ನೆ ನಿಲ್ಲಬೇಡಿ, ನನಗೇನು ಕೆಲಸ ಕೊಡುತ್ತೀರಿ ಎಂದು ಸಿಸ್ಟರ್‌ಗಳನ್ನು ಕೇಳಿ. ಮೈ ಸವರಿದರೆ ಇಷ್ಟು ಚಿಕ್ಕ ಕೂಸುಗಳಿಗೆ ಕಿರಿಕಿರಿ. ಒಂದು ಕೈ ತಲೆ ಮೇಲೆ, ಇನ್ನೊಂದು ಪಾದದ ಮೇಲೆ, ಅಲುಗಿಸದೆ ಇಡಿ. ಮಾತಾಡಿ. ಡಾಕ್ಟರ್ ಒಪ್ಪಿದ ದಿನವೇ ಕಾಂಗರೂ ಆರೈಕೆ ಶುರು ಮಾಡಿ. ಬರೀ ಎದೆಗೆ ಬರೀ ಮೈಯ ಕೂಸು, ಮೇಲೊಂದು ಹೊದಿಕೆ, ಅಷ್ಟೇ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ (ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ) ಸಾಲದೆ ಶುರುವಾದ ಪದ್ಧತಿ ಇದು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವೆಂಟಿಲೇಟರ್ ಬೇಕಾಗುವಷ್ಟು ಸ್ಥಿತಿ ಗಂಭೀರವಲ್ಲದಿದ್ದರೆ ಹುಟ್ಟಿದ ಕೂಡಲೇ ಶುರು ಮಾಡಬಹುದು, ದಿನಕ್ಕೆ 8ರಿಂದ 24 ಗಂಟೆ. ಅದು 2022ರ ಸಲಹೆ. ನಾವಿದ್ದ ಆಸ್ಪತ್ರೆಯಲ್ಲಿ ಮಾತ್ರ ತಾಯಂದಿರನ್ನೂ ಸಂಜೆ ಹೊತ್ತು ಸ್ವಲ್ಪವೇ ಬಿಡುತ್ತಿದ್ದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಬಿಡದೆ ಕೇಳಿ ಸಮಯ ಜಾಸ್ತಿ ಮಾಡಿಸಿಕೊಂಡೆವು, ನೀವೂ ಕೇಳಿ. ಮುಂದೆ ಬಟನ್ ಇರುವ ಬಟ್ಟೆ ಹಾಕಿಕೊಂಡು ಹೋಗಿ.

ಹಾಲಿನ ವಿಷಯ. ಕೂಸು ಚೀಪದಿದ್ದಾಗ ಹಾಲು ಇಳಿಯುವುದು ತಡವೇ. ದಿನಕ್ಕೆ 8 ಸಲ ಹಿಂಡಿ, ಅದರಲ್ಲಿ ಒಂದು ಸಲವಾದರೂ ರಾತ್ರಿ. ಮೊದಲಿಗೆ ಹನಿಗಳೇ ಬರುವುದು. ಶುರುವಿನಲ್ಲಿ ಟ್ಯೂಬಿನಲ್ಲಿ ಅವನಿಗೆ ಕೊಡುವುದೂ ಒಂದೊಂದು ಸಲಕ್ಕೆ ಕೆಲವೇ ಎಂಎಲ್. ಅವನನ್ನು ಎದೆಗಿಟ್ಟುಕೊಂಡು ಎದ್ದ ಕೂಡಲೇ ಹಿಂಡಿ ನೋಡಿ, ಆಗ ಜಾಸ್ತಿ ಬರುತ್ತದೆ. ಸಾಲದಿದ್ದರೆ ದಾನದ ಹಾಲು ಸಿಗುತ್ತದಾ ಎಂದು ಡಾಕ್ಟರ್ ಹತ್ತಿರ ಕೇಳಿ. ನಮ್ಮ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಎದೆಹಾಲಿನ ಬ್ಯಾಂಕ್ ಇದೆ.
— ಒಬ್ಬ ತಾಯಿ, ವಿಜಯನಗರ

ನೋಡಮ್ಮ, ಇದನ್ನು ನಿಮ್ಮಮ್ಮನಿಗೆ ಓದಿ ಹೇಳು. ನನ್ನ ಹೆಣ್ಣುಮಕ್ಕಳ ಬಾಣಂತನ ಎಲ್ಲಾ ನಾನೇ ಮಾಡಿದ್ದು. ಹೊಸಿಲು ದಾಟಬೇಡ ಅನ್ನುವುದು ತಾಯಿ ಮಗು ಒಟ್ಟಿಗೆ ಬೆಚ್ಚಗಿರಲಿ ಅಂತ. ಇಲ್ಲಿ ಮಗುವೇ ಹೊಸಿಲಾಚೆ ಇದೆಯಲ್ಲ! ಸ್ಕಾರ್ಫ್ ಕಟ್ಟು, ಕಿವಿಗೆ ಹತ್ತಿ ಇಟ್ಟುಕೋ, ಹೊರಡು. ಆಟೋ ಬೇಡ, ನಮ್ಮೂರ ಗುಂಡಿಗಳಿಗೆ ಹೊಲಿಗೆ ನೋಯುತ್ತದೆ. ಕಾರಿನಲ್ಲಿ ಹೋಗು. ಎಣ್ಣೆ ನೀರು, ಸಾಂಬ್ರಾಣಿ ಎಲ್ಲಾ ವಾಪಸ್ ಬಂದ ಮೇಲೆ ಮಾಡಿದರಾಯಿತು. ಸಬ್ಬಸಿಗೆ ಪಲ್ಯ, ಅನ್ನ ಡಬ್ಬಿಗೆ ಹಾಕಿಕೊಡಲಿ. ಬೇಕಾದರೆ ನಿಮ್ಮಮ್ಮನೂ ಜೊತೆಗೆ ಬಂದು ಹೊರಗೆ ಕೂರಲಿ. ಅವರಿಗೂ ಮನೆಯಲ್ಲಿ ಕೂತು ತಳಮಳವೇ.
— ಒಬ್ಬ ಅಜ್ಜಿ, ಬಸವನಗುಡಿ

ನಿಮ್ಮ ಯಜಮಾನರ ಪರವಾಗಿ ನಾಲ್ಕು ಮಾತು ಮೇಡಂ. ನಮ್ಮ ಕೂಸು ಒಳಗಿದ್ದಾಗ ನಾನು ಫಾರ್ಮಸಿ, ಬಿಲ್ ಕೌಂಟರ್, ವಿಮೆ ಟೇಬಲ್ ಸುತ್ತುತ್ತಿದ್ದೆ. ಹೆಂಡತಿ ಮುಂದೆ ಕಲ್ಲಿನ ಹಾಗೆ ಇದ್ದೆ. ಅಳುತ್ತಿದ್ದದ್ದು ಪಾರ್ಕಿಂಗಿನಲ್ಲಿ, ಹೆಲ್ಮೆಟ್ ಹಾಕಿಕೊಂಡು. ಅವರನ್ನೂ ಒಳಗೆ ಕರೆದುಕೊಂಡು ಹೋಗಿ. ಕಾಂಗರೂ ಆರೈಕೆ ಅಪ್ಪನೂ ಮಾಡಬಹುದು. ಅಂಗಿ ಬಿಚ್ಚಿ ಮಗನನ್ನು ಎದೆ ಮೇಲೆ ಹಾಕಿಸಿಕೊಂಡ ಮೇಲೆ ನನಗೆ ಮಾತು ತಾನಾಗಿ ಬಂತು.

ದುಡ್ಡಿನ ಚಿಂತೆಯೂ ಬಾಯಿ ಕಟ್ಟುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ವಿಚಾರಿಸಿ. ಕಂಪನಿ ವಿಮೆಯಾದರೆ ಮಗುವನ್ನು ಸೇರಿಸಲು ಗಡುವು ಇರಬಹುದು, ಇವತ್ತೇ ಎಚ್‌ಆರ್‌ಗೆ ಫೋನ್ ಮಾಡಿ. ನೆಂಟರ ಫೋನಿಗೆ ಒಬ್ಬರೇ ಉತ್ತರ ಕೊಡಲಿ. ನಮ್ಮಲ್ಲಿ ಬಾಮೈದ ಆ ಕೆಲಸ ವಹಿಸಿಕೊಂಡ. 'ಹುಷಾರಾಗಿದ್ದಾನೆ, ಮನೆಗೆ ಬಂದ ಮೇಲೆ ತಿಳಿಸ್ತೀವಿ' ಎಂದು ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದ.
— ಒಬ್ಬ ಅಪ್ಪ, ಪೀಣ್ಯ

ಎಲ್ಲರೂ ಹೋಗಿ ಹೋಗಿ ಎಂದೇ ಬರೆದಿರುತ್ತಾರೆ. ಒಂದು ದಿನ ಆಗದಿದ್ದರೆ ಹಾಲು ಕಳಿಸಿ ಮಲಗಿ. ಅದೇನೂ ಪಾಪವಲ್ಲ. ಆದರೆ ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ನಿದ್ದೆಯೇ ಹತ್ತದಿದ್ದರೆ ಅದು ಬರೀ ಬೇಸರವಲ್ಲ. ಬದುಕು ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್ ನಮ್ಮೂರಲ್ಲೇ ಇದೆ.
— ಓದುಗಿ, ಜಯನಗರ

ಇಂಥ ವಾರ್ಡುಗಳಲ್ಲೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮೊದಲ ವಾರ ಕೂಸಿನ ತೂಕ ಇಳಿದೇ ಇಳಿಯುತ್ತದೆ, ಗಾಬರಿ ಬೇಡ. ನಿಮಗೆ ಬಿಪಿ ಇತ್ತು ಎಂದಿದ್ದೀರಿ. ಜೋರು ತಲೆನೋವು ಬಂದರೆ, ಕಣ್ಣು ಮಂಜಾದರೆ ನಿದ್ದೆಗೆಟ್ಟಿದ್ದಕ್ಕೆ ಎಂದುಕೊಳ್ಳದೆ ಕೂಡಲೇ ತೋರಿಸಿ. ಹೆರಿಗೆ ಆದ ಮೇಲೂ ಬಿಪಿ ಏರುವುದುಂಟು.

ಇನ್ನೊಂದು, ಮಗುವಿನ ಕಣ್ಣು. 34 ವಾರಕ್ಕೆ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ 30 ದಿನ ತುಂಬುವುದರೊಳಗೆ ಆರ್‌ಒಪಿ ಪರೀಕ್ಷೆ ಆಗಬೇಕು. ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತಿವೆಯೇ ಎಂದು ನೋಡುತ್ತಾರೆ. ತಡವಾದರೆ ದೃಷ್ಟಿಯೇ ಹೋಗಬಹುದು, ಹೊತ್ತಿಗೆ ಸಿಕ್ಕರೆ ಲೇಸರ್‌ನಲ್ಲಿ ಉಳಿಸಿಕೊಳ್ಳಬಹುದು. ಮನೆಗೆ ಹೋಗುವ ಖುಷಿಯಲ್ಲಿ ಇದನ್ನು ಮರೆತವರನ್ನು ತುಂಬಾ ನೋಡಿದ್ದೇನೆ. ದಿನಾಂಕವನ್ನು ಫೈಲಿನ ರಟ್ಟಿನ ಮೇಲೇ ದೊಡ್ಡದಾಗಿ ಬರೆಸಿಕೊಳ್ಳಿ.
— ನಿವೃತ್ತ ನರ್ಸ್, ಯಲಹಂಕ