ಏಳು ವರ್ಷದ ಮಗಳಿಗೆ ಚಿತ್ರದ ಬುದ್ಧಿಮತ್ತೆ ಪರೀಕ್ಷೆ: ಮಾಡಿಸಿದವರು ಅನುಭವ ಹೇಳಿ

ಕೊಪ್ಪಳದಿಂದ ಬೆಂಗಳೂರಿಗೆ ಬಂದು ಒಂದು ವರ್ಷ. ಮಗಳು ಇಂಗ್ಲಿಷ್ ಶಾಲೆಯಲ್ಲಿ ಬಾಯಿ ಬಿಡೋದಿಲ್ಲ, ಟೀಚರ್ ‘ಸ್ಲೋ’ ಅಂತಾರೆ. ಮನೆಯಲ್ಲಿ ಒಮ್ಮೆ ನೋಡಿದ ರಂಗೋಲಿಯನ್ನ ಮರುದಿನ ಹಾಗೇ ಬಿಡಿಸ್ತಾಳೆ. ಕೌನ್ಸೆಲರ್ ರೇವನ್ಸ್ ಪರೀಕ್ಷೆ ಮಾಡಿಸಿ ಅಂದ್ರು. ಮಾತೇ ಇಲ್ಲದ ಪರೀಕ್ಷೆಯಿಂದ ಏನು ಗೊತ್ತಾಗುತ್ತೆ?

ಧಾರವಾಡದಿಂದ:
ಖಂಡಿತ ಮಾಡಿಸಿ. ನನ್ನ ಮಗನಿಗೆ ಮೊದಲು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಅಂಕ ತೀರಾ ಕಡಿಮೆ ಬಂದು, ನಾವಿಬ್ಬರೂ ರಾತ್ರಿ ಊಟ ಮಾಡಲಿಲ್ಲ. ಆಮೇಲೆ ಬೇರೊಬ್ಬ ಮೇಡಂ ಬಣ್ಣದ ರೇವನ್ಸ್ ಕೊಟ್ಟರು. 36 ಚಿತ್ರ. ಒಂದೊಂದರಲ್ಲೂ ಒಂದು ತುಂಡು ಖಾಲಿ, ಕೆಳಗಿನ ಆರರಲ್ಲಿ ಹೊಂದುವುದನ್ನ ಬೆರಳಿಟ್ಟು ತೋರಿಸಬೇಕು, ಅಷ್ಟೇ. ಬಾಗಿಲ ಸಂದಿಯಿಂದ ನೋಡ್ತಾ ಇದ್ದೆ. ಶುರುವಿನಲ್ಲಿ ಹಿಂದಕ್ಕೆ ಒರಗಿದ್ದವನು ಬರಬರುತ್ತಾ ಕುರ್ಚಿಯ ತುದಿಗೆ ಬಂದ. ಕಷ್ಟದ ಒಂದು ಚಿತ್ರದ ಮೇಲೆ ಬೆರಳನ್ನ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಎಳೆದ. ಒಂದು ತುಂಡಿನ ಮೇಲಿಟ್ಟ, ತಲೆ ಅಲ್ಲಾಡಿಸಿ ಪಕ್ಕದ್ದಕ್ಕೆ ಸರಿಸಿದ. ಅಂಕ ಚೆನ್ನಾಗೇ ಬಂತು, ಆದರೆ ನನ್ನ ಕಣ್ಣಲ್ಲಿ ಉಳಿದಿರೋದು ಆ ಬೆರಳು.

ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಕನ್ನಡದಲ್ಲಿ ಮಾತಾಡಿಸಿ ಮಾಡುವ ಪರೀಕ್ಷೆಯನ್ನೂ ಕೇಳಿ. ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಫ್ರಾನ್ಸಿನ ಬಿನೆ ಅವರ ಬುದ್ಧಿಮತ್ತೆ ಪರೀಕ್ಷೆಯನ್ನ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಬಿನೆ-ಕಾಮತ್ ಅಂತ ಈಗಲೂ ಬಳಸ್ತಾರೆ. ಆದರೆ ಅದರ ಅಂಕವನ್ನ ಹಳೇ ಕಾಲದ ಮಕ್ಕಳಿಗೆ ಹೋಲಿಸಿ ಹೇಳೋದರಿಂದ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತೆ. ಅದಕ್ಕೇ ಯಾವ ಪರೀಕ್ಷೆಯಾದರೂ ಸರಿ, ಎಲ್ಲಿಯ, ಯಾವ ಕಾಲದ ಮಕ್ಕಳ ಜೊತೆ ಹೋಲಿಸಿದ್ರಿ ಅಂತ ಕೇಳಿಬಿಡಿ.

ಶಿಕ್ಷಕಿ, ಹಾಸನ:
ಯೂಟ್ಯೂಬಲ್ಲಿ ಆ ಥರದ ಚಿತ್ರ ತೋರಿಸಿ ಅಭ್ಯಾಸ ಮಾಡಿಸಬೇಡಿ ದಯವಿಟ್ಟು. ಆಮೇಲೆ ಬರೋ ಅಂಕಕ್ಕೆ ಅರ್ಥವೇ ಇರೋಲ್ಲ. ಇನ್ನೊಂದು, ಅಂಕ ಕಡಿಮೆ ಬಂದರೆ ಕೈಬಿಡಬೇಡಿ. ನನ್ನ ತರಗತಿಯ ಒಬ್ಬಳಿಗೆ ಇದರಲ್ಲಿ ಸಾಧಾರಣ ಅಂಕ. ಅಜ್ಜಿ ಹೇಳಿದ ಕತೆಗೆ ಮೂರು ಥರದ ಕೊನೆ ಕಟ್ಟಿ ಹೇಳ್ತಾಳೆ! ಮಾತಿನ ಜಾಣತನ ಈ ಚಿತ್ರಗಳಿಗೆ ಸಿಗೋದಿಲ್ಲ.

ಫ್ಲೋರಿಡಾದಿಂದ:
ಇಲ್ಲಿನ ಬ್ರೋವರ್ಡ್ ಕೌಂಟಿಯ ಶಾಲೆಗಳಲ್ಲಿ ಪ್ರತಿಭಾವಂತ ಮಕ್ಕಳ ವಿಶೇಷ ಕಾರ್ಯಕ್ರಮಕ್ಕೆ ಆರಿಸಲು, ಟೀಚರೋ ಪೋಷಕರೋ ಹೆಸರು ಕೊಟ್ಟ ಮಕ್ಕಳನ್ನಷ್ಟೇ ಪರೀಕ್ಷಿಸ್ತಿದ್ದರು. 2005ರಲ್ಲಿ ಎರಡನೇ ತರಗತಿಯ ಎಲ್ಲರಿಗೂ ನಾಗ್ಲಿಯೇರಿ ಅವರ ಚಿತ್ರ ಪರೀಕ್ಷೆ ಕೊಡಲು ಶುರುಮಾಡಿದರು, ಮೇಲೆ ಬಂದವರಿಗೆ ಪೂರ್ತಿ ಐಕ್ಯೂ ಪರೀಕ್ಷೆ. ಬಡವರ ಮನೆಯ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಮೊದಲಿಗಿಂತ ಎಷ್ಟೋ ಹೆಚ್ಚು ಆಯ್ಕೆಯಾದರು. ಟೀಚರ್ ಕಣ್ಣಿಗೆ ಬೀಳದೇ ಉಳಿದಿದ್ದ ಮಕ್ಕಳು ಅವರು.

ಕೇಳಿದವಳೇ:
ಶನಿವಾರಕ್ಕೆ ಹೋಗ್ತಿದ್ದೀವಿ. ಕನ್ನಡ ಬರುವವರೇ ಕೂರಬೇಕು ಅಂತ ಹೇಳಿದ್ದೀನಿ.